ಒಂದೇ ತುದಿಯ ಎರಡು ಟೈಪ್-ಸಿ ಕೇಬಲ್‌ಗಳು ಬೇರೆ ಬೇರೆಯಾಗಿ ವರ್ತಿಸುವುದೇಕೆ?

ಪ್ರಶ್ನೆ:
ನನ್ನಲ್ಲಿರುವ ಒಂದು ಟೈಪ್-ಸಿ ಕೇಬಲ್‌ನಲ್ಲಿ ಲ್ಯಾಪ್‌ಟಾಪ್ ಬೇಗನೆ ಚಾರ್ಜ್ ಆಗುತ್ತದೆಯಾದರೂ, ಅದೇ ಕೇಬಲ್ ಮೂಲಕ ಎಸ್‌ಎಸ್‌ಡಿಗೆ ವಿಡಿಯೊ ನಕಲಿಸಲು ತುಂಬ ಹೊತ್ತು ಹಿಡಿಯುತ್ತದೆ. ಇನ್ನೊಂದರಲ್ಲಿ ನಕಲು ಚುರುಕು, ಚಾರ್ಜಿಂಗ್ ನಿಧಾನ. ಎರಡರ ತುದಿಯೂ ಒಂದೇ ಆಗಿರುವಾಗ ಹೀಗೇಕೆ?

ಉತ್ತರ 1:
ವೇಗ ನಿರ್ಧಾರವಾಗುವುದು ಒಳಗಿನ ತಂತಿಗಳಿಂದ. ನಿಮ್ಮ ಮೊದಲ ಕೇಬಲ್ ಬಹುಶಃ ಯುಎಸ್‌ಬಿ 2.0 ದರ್ಜೆಯದು, ಅದರಲ್ಲಿ ದತ್ತಾಂಶಕ್ಕೆ ಒಂದೇ ಜೋಡಿ ತಂತಿ ಇರುವುದರಿಂದ ಸೆಕೆಂಡಿಗೆ 480 ಮೆಗಾಬಿಟ್ ಮೀರಲು ಸಾಧ್ಯವಿಲ್ಲ. ಹೆಚ್ಚುವರಿ ಜೋಡಿಗಳಿರುವ ಕೇಬಲ್ 10 ಗಿಗಾಬಿಟ್ ಅಥವಾ ಅದಕ್ಕೂ ಹೆಚ್ಚಿನ ವೇಗ ನೀಡುತ್ತದೆ. ಐಫೋನ್ 15 ಪ್ರೊ 10 ಗಿಗಾಬಿಟ್ ವೇಗಕ್ಕೆ ಸಿದ್ಧವಾಗಿದ್ದರೂ ಅದರ ಪೆಟ್ಟಿಗೆಯಲ್ಲಿ ಬಂದದ್ದು 2.0 ಕೇಬಲ್ ಎಂಬುದು ಬಳಕೆದಾರರಿಗೆ ಆದ ಅನ್ಯಾಯವೆಂದೇ ನನ್ನ ಅಭಿಪ್ರಾಯ.

ಉತ್ತರ 2:
ವಿದ್ಯುತ್ತಿನ ಲೆಕ್ಕವೇ ಬೇರೆ. ಎರಡೂ ತುದಿ ಟೈಪ್-ಸಿ ಇರುವ ಸಾಮಾನ್ಯ ಕೇಬಲ್ 20 ವೋಲ್ಟ್‌ನಲ್ಲಿ 3 ಆಂಪಿಯರ್, ಅಂದರೆ 60 ವ್ಯಾಟ್ ಒಯ್ಯುತ್ತದೆ. ಅದಕ್ಕಿಂತ ಹೆಚ್ಚು ಬೇಕಾದರೆ ತುದಿಯೊಳಗೆ ಇ-ಮಾರ್ಕರ್ ಎಂಬ ಪುಟ್ಟ ಚಿಪ್ ಇರಬೇಕು. ಚಾರ್ಜರ್ ಮೊದಲು ಆ ಚಿಪ್ ಅನ್ನು ವಿಚಾರಿಸಿ, 5 ಆಂಪಿಯರ್ ತಾಳುತ್ತದೆ ಎಂಬ ಉತ್ತರ ಬಂದರೆ ಮಾತ್ರ ಹೆಚ್ಚಿನ ಪ್ರವಾಹ ಹರಿಸುತ್ತದೆ. ನಿಮ್ಮ ಎರಡನೆಯ ಕೇಬಲ್ 3 ಆಂಪಿಯರ್‌ನದ್ದಾಗಿರಬಹುದು. 2021ರಲ್ಲಿ ಯುಎಸ್‌ಬಿ ಚಾರ್ಜಿಂಗ್ ಮಾನದಂಡ ಪರಿಷ್ಕರಣೆಯಾದ ನಂತರ 5 ಆಂಪಿಯರ್ ಕೇಬಲ್‌ಗಳ ಮಿತಿ 240 ವ್ಯಾಟ್‌ವರೆಗೆ ಏರಿದೆ.

ಉತ್ತರ 3:
ಕೇಬಲ್ ದಪ್ಪಗಿದೆ ಎಂದು ನಂಬಿ ಕೊಳ್ಳಬೇಡಿ. ವ್ಯಾಟ್ ಮತ್ತು ಗಿಗಾಬಿಟ್ ಎರಡನ್ನೂ ನಮೂದಿಸಿರುವುದನ್ನೇ ಆರಿಸಿ. ದತ್ತಾಂಶದ ತಂತಿಯೇ ಇಲ್ಲದ, ಚಾರ್ಜಿಂಗ್‌ಗಷ್ಟೇ ಮೀಸಲಾದ ಅಗ್ಗದ ಕೇಬಲ್‌ಗಳೂ ಇವೆ. ಅಂಥದನ್ನು ಜೋಡಿಸಿದರೆ ಫೋನ್ ಚಾರ್ಜ್ ಆಗುತ್ತದೆ, ಆದರೆ ಕಂಪ್ಯೂಟರಿನಲ್ಲಿ ಕಾಣಿಸುವುದೇ ಇಲ್ಲ.