‘ಕ್ಯಾಮೆರಾ ಬ್ಯಾಚ್ 98’ ಚಾಟ್ ಗ್ರೂಪ್: ಕುಂಕುಮ ಎಲ್ಲಿ ಹೋಯ್ತು?

ಶಶಿ: (ಫಾರ್ವರ್ಡ್) "ಒಂದೇ ಮನೆ, ಇಬ್ಬರೇ ನಟರು, ಒಂದೇ ರಾತ್ರಿಯ ಗಂಡ-ಹೆಂಡ್ತಿ ಜಗಳ. ಫೋನಲ್ಲೇ ಶೂಟ್ ಮಾಡಿ, ಎಡಿಟ್‌ನಲ್ಲಿ ಬಣ್ಣ ತೆಗೆಯಿರಿ. ‘ಮಾಲ್ಕಮ್ ಅಂಡ್ ಮೇರಿ’ ಥರದ ಕಪ್ಪು-ಬಿಳುಪು ಸಿನಿಮಾ ರೆಡಿ!"

ಶಶಿ: ನಮ್ಮ ಶಾರ್ಟ್ ಫಿಲ್ಮಿಗೆ ಇದೇ ದಾರಿ ಕಣ್ರೋ. ಎಂಟು ನಿಮಿಷ, ಅಡುಗೆಮನೆ, ಇಬ್ಬರು. ಟೆಸ್ಟ್ ಫ್ರೇಮ್ ಹಾಕಿದೀನಿ, ನೋಡಿ. 📷

ರಮೇಶ: ಮೊದಲ್ನೇದಾಗಿ ಅವರು ಗಂಡ-ಹೆಂಡ್ತಿ ಅಲ್ಲ, ಜೊತೆಗಿರೋ ಜೋಡಿ. ಎರಡನೇದು, ಅಲ್ಲಿ ಬಣ್ಣ ತೆಗೆಯೋ ಮಾತೇ ಇಲ್ಲ. 2020ರ ಕೋವಿಡ್ ಟೈಮಲ್ಲಿ ಕ್ಯಾಲಿಫೋರ್ನಿಯಾದ ಕಾರ್ಮೆಲ್‌ನಲ್ಲಿ ಒಂದು ಮನೆ ಹಿಡಿದು, ಛಾಯಾಗ್ರಾಹಕ ಮಾರ್ಸೆಲ್ ರೇವ್ 35 ಎಂ.ಎಂ. ಕೊಡಾಕ್ ಡಬಲ್-ಎಕ್ಸ್ ಫಿಲ್ಮ್ ಮೇಲೆ ತೆಗೆದದ್ದು. ಅಸಲಿ ಕಪ್ಪು-ಬಿಳುಪು ನೆಗೆಟಿವ್.

ಶಶಿ: ‘ರೋಮಾ’ಗೆ ಏನಂತೀಯ? 2018ರದು. ಅಲೆಕ್ಸಾ 65 ಡಿಜಿಟಲ್ ಕ್ಯಾಮೆರಾದಲ್ಲಿ ಕಲರಲ್ಲೇ ತೆಗೆದು ಆಮೇಲೆ ಕಪ್ಪು-ಬಿಳುಪು ಮಾಡಿದ್ರು. ಛಾಯಾಗ್ರಹಣಕ್ಕೆ ಆಸ್ಕರ್ ಬೇರೆ ಬಂತು. ಅವರು ಮಾಡಿದ್ರೆ ಕಲೆ, ನಾನು ಮಾಡಿದ್ರೆ ಫಿಲ್ಟರಾ?

ಗೀತಾ: ಇದರಲ್ಲಿ ನಾನು ಶಶಿ ಕಡೆ. ಕಲರಲ್ಲಿ ತೆಗೆಯೋದು ತಪ್ಪಲ್ಲ. ಆದ್ರೆ ಶಶಿ, ನಿನ್ನ ಫ್ರೇಮ್ ದೊಡ್ಡದು ಮಾಡಿ ಅವಳ ಹಣೆ ನೋಡು. ಕುಂಕುಮ ಶಾಯಿ ಚುಕ್ಕಿ ಥರ ಆಗಿದೆ. ಕೆಂಪು ಸೀರೆ, ಹಿಂದಿನ ಕಡು ಹಸಿರು ಗೋಡೆ, ಎರಡೂ ಒಂದೇ ಬೂದು. ಸೆರಗು ಎಲ್ಲಿ ಮುಗೀತು, ಗೋಡೆ ಎಲ್ಲಿ ಶುರುವಾಯ್ತು ಗೊತ್ತಾಗ್ತಿಲ್ಲ.

ಶಶಿ: ಕಲರಲ್ಲಿ ಚೆನ್ನಾಗೇ ಇತ್ತಲ್ಲೇ?

ಗೀತಾ: ಕಲರಲ್ಲಿ ಬಣ್ಣವೇ ಎರಡನ್ನೂ ಬೇರೆ ಮಾಡಿತ್ತು. ಎಚ್.ಡಿ. ವಿಡಿಯೊದ ಲೆಕ್ಕದಲ್ಲಿ ಹೊಳಪಿಗೆ ಹಸಿರಿನ ಪಾಲು ಸುಮಾರು 72, ಕೆಂಪಿನದು 21, ನೀಲಿಯದು ಬರೀ 7. ಹೊಳಪು ಮಾತ್ರ ಉಳಿಸಿಕೊಂಡ್ರೆ ಕೆಂಪು ಕುಗ್ಗುತ್ತೆ, ಕಡು ನೀಲಿ ಕಪ್ಪಾಗೇ ಹೋಗುತ್ತೆ.

ಶಶಿ: ಎಡಿಟ್‌ನಲ್ಲಿ ಒಂದೊಂದು ಬಣ್ಣದ ಪಾಲು ಏರಿಸಿ ಇಳಿಸೋ ಚಾನಲ್ ಮಿಕ್ಸರ್ ಇದೆಯಲ್ಲ, ಅದರಲ್ಲಿ ಕೆಂಪು ಏರಿಸ್ತೀನಿ. ಮುಗೀತಲ್ಲ.

ಗೀತಾ: ಏರಿಸು. ಕೆಂಪು 70ಕ್ಕೆ ಹೋದ್ರೆ ಚರ್ಮ ಬೆಳಗುತ್ತೆ, ಮೊಡವೆ ಕಲೆ ಮಾಯ. ಜೊತೆಗೆ ತುಟಿನೂ ಮಾಯ, ಕುಂಕುಮನೂ ಮಾಯ. ನಿನ್ನ ಕಥೆಲಿ ಅವಳು ಕೊನೆಗೆ ಕುಂಕುಮ ಒರೆಸಿಕೊಳ್ಳೋ ಸೀನ್ ಇದೆ ಅಂದಿದ್ದೆ. ಒರೆಸೋಕೆ ಮೊದಲೇ ಹೋಗಿರುತ್ತೆ. 😄

ಸೀನ: ಫಿಲ್ಮಲ್ಲೂ ಇದೇ ಗೋಳು. ಲೆನ್ಸ್ ಮುಂದೆ ಕೆಂಪು 25 ನಂಬರ್ ಫಿಲ್ಟರ್ ಹಾಕಿದ್ರೆ ಕುಂಕುಮ ಚರ್ಮದಲ್ಲಿ ಕರಗುತ್ತೆ, ಹಸಿರು ಹಾಕಿದ್ರೆ ಕಪ್ಪಾಗುತ್ತೆ. ಕೆಂಪಿಗೆ 3 ಸ್ಟಾಪ್ ಬೆಳಕು ಬೇರೆ ತೆರಬೇಕು (ಒಂದೊಂದು ಸ್ಟಾಪಿಗೂ ಬೆಳಕು ಇಮ್ಮಡಿ). ಮನೆ ಒಳಗೆ ಯಾರ ಹತ್ರ ಅಷ್ಟು ಬೆಳಕಿದೆ? ಅದಕ್ಕಿಂತ ಕುಂಕುಮದ ಬಣ್ಣವನ್ನೇ ಬದಲಿಸು. ಒಂದು ಚಿಟಿಕೆ ಕಾಡಿಗೆ ಬೆರೆಸಿ ಮರೂನ್ ಮಾಡು. ಕೆಂಪು ಚಾನಲಲ್ಲೂ ಉಳಿಯುತ್ತೆ.

ಗೀತಾ: ಇನ್ನೊಂದು. ನಿನ್ನ ಫೋನಿನ ಫೈಲ್ 8-ಬಿಟ್, ಅಂದ್ರೆ ಒಂದೊಂದು ಚಾನಲಿಗೆ 256 ಹಂತ ಮಾತ್ರ. ಅದೂ 4:2:0, ಅಂದ್ರೆ ಬಣ್ಣದ ಮಾಹಿತಿ ಅಡ್ಡಕ್ಕೆ ಅರ್ಧ, ಉದ್ದಕ್ಕೆ ಅರ್ಧ, ಒಟ್ಟು ಕಾಲುಭಾಗ. ಸ್ಯಾಚುರೇಶನ್ ಸೊನ್ನೆ ಮಾಡಿದ್ರೆ ಅದು ಕಾಣಲ್ಲ. ಮಿಕ್ಸರ್ ಎಳೆದ ತಕ್ಷಣ ಸೀರೆ ಅಂಚು ಮೆಟ್ಟಿಲು ಮೆಟ್ಟಿಲಾಗುತ್ತೆ, ಗೋಡೆ ಮೇಲೆ ಪಟ್ಟೆ ಬೀಳುತ್ತೆ. 10-ಬಿಟ್ ಲಾಗ್ (ಬೆಳಕು-ನೆರಳಿನ ವಿವರ ಜಾಸ್ತಿ ಉಳಿಸೋ ರೆಕಾರ್ಡಿಂಗ್) ಸಿಗೋ ಕ್ಯಾಮೆರಾ ತಗೋ.

ರಮೇಶ: ಅದಕ್ಕೇ ಹೇಳೋದು, ಫಿಲ್ಮಲ್ಲಿ ತೆಗಿ.

ಶಶಿ: ಬಿಲ್ಲು ನೀನು ಕಟ್ತೀಯಾ?

ರಮೇಶ: ಬಿಲ್ಲು ಬಿಡು, ಅಡಿ ಲೆಕ್ಕ ಹೇಳ್ತೀನಿ. ಸೆಕೆಂಡಿಗೆ 24 ಫ್ರೇಮಲ್ಲಿ 35 ಎಂ.ಎಂ. ಫಿಲ್ಮ್ ನಿಮಿಷಕ್ಕೆ 90 ಅಡಿ. ಎಂಟು ನಿಮಿಷಕ್ಕೆ 720. ಐದು ಟೇಕ್ ಅಂದ್ರೆ 3,600 ಅಡಿ, 400ರ ರೋಲ್ ಒಂಬತ್ತು.

ಶಶಿ: 400 ಅಡಿ ನಾಲ್ಕೂವರೆ ನಿಮಿಷನೂ ಬರಲ್ಲ! ಜಗಳ ಏರ್ತಿರೋವಾಗ ಮ್ಯಾಗಜಿನ್ (ಫಿಲ್ಮ್ ಡಬ್ಬಿ) ಖಾಲಿ ಅಂತ ನಟರನ್ನ ನಿಲ್ಲಿಸ್ಲಾ?

ರಮೇಶ: 1,000 ಅಡಿದು ಹಾಕು, ಹನ್ನೊಂದು ನಿಮಿಷ ಬರುತ್ತೆ. ಡೆವಲಪ್‌ಗೆ ಕೊಡುವಾಗ ಡಬ್ಬಿ ಮೇಲೆ ‘ಕಪ್ಪು-ಬಿಳುಪು, ಡಿ-96’ ಅಂತ ಡೆವಲಪರ್ ಹೆಸರನ್ನೂ ದಪ್ಪಕ್ಷರದಲ್ಲಿ ಬರಿ. ಮರೆತು ಕಲರ್ ಬಾತಿಗೆ ಬಿಟ್ರೆ, ಬ್ಲೀಚು ಫಿಕ್ಸರಲ್ಲಿ ಬೆಳ್ಳಿಯೆಲ್ಲ ತೊಳೆದುಹೋಗಿ ಖಾಲಿ ಪಟ್ಟಿ ವಾಪಸ್ ಬರುತ್ತೆ.

ಶಶಿ: ಇದನ್ನ ಹೇಳಿ ನನ್ನ ಫಿಲ್ಮ್ ಕಡೆ ತಿರುಗಿಸ್ತಿದೀಯೋ, ಓಡಿಸ್ತಿದೀಯೋ?

ಸೀನ: ಫಿಲ್ಮೋ ಫೋನೋ ಆಮೇಲೆ ಕಿತ್ತಾಡಿ. ಆ ಫ್ರೇಮಲ್ಲಿ ಬೆಳಕೇ ಇಲ್ಲ, ಟ್ಯೂಬ್‌ಲೈಟ್ ಮಾತ್ರ ಇದೆ. ಮೇಲಿಂದ ಎಲ್ಲದರ ಮೇಲೂ ಒಂದೇ ಸಮ ಸುರಿದಿದೆ. ನಮ್ಮ ಮೈಸೂರಿನ ಛಾಯಾಗ್ರಾಹಕ ವಿ.ಕೆ. ಮೂರ್ತಿಗಳು 1959ರ ‘ಕಾಗಜ್ ಕೇ ಫೂಲ್’ಗೆ ಕನ್ನಡಿ ಹಿಡಿದು ಹೊರಗಿನ ಬಿಸಿಲನ್ನ ಸ್ಟುಡಿಯೊ ಒಳಗೆ ತಂದ್ರು. ಅದೂ ಸಂಸಾರ ಮುರಿದವನ ಕಥೆನೇ. ನಿನ್ನ ಅಡುಗೆಮನೆಗೆ ಕಿಟಕಿ ಇದೆ ತಾನೆ?

ಶಶಿ: ಇದೆ. ಎಡಗಡೆ, ಸಿಂಕ್ ಮೇಲೆ.

ಸೀನ: ಅದೇ ಕೀ, ಅಂದ್ರೆ ಮುಖ್ಯ ಬೆಳಕು. ನಟರನ್ನ ಗೋಡೆಯಿಂದ ಐದಾರು ಅಡಿ ಈಚೆ ತಾ. ಗೋಡೆ ಮುಖಕ್ಕಿಂತ ಒಂದೂವರೆ ಎರಡು ಸ್ಟಾಪ್ ಕೆಳಗಿರಲಿ. ಆದ್ರೆ ನಮ್ಮವರದು ಕಪ್ಪು ಕೂದಲು, ಕತ್ತಲ ಗೋಡೆಗೆ ಜಡೆ ಅಂಟಿಕೊಳ್ಳುತ್ತೆ. ಅದಕ್ಕೆ ಮುಖದ ಬೆಳಕಿನ ಮಗ್ಗುಲಿಗೆ ಗೋಡೆ ಕತ್ತಲು, ನೆರಳಿನ ಮಗ್ಗುಲಿಗೆ ಗೋಡೆ ಮೇಲೆ ಒಂದು ಗೀರು ಬೆಳಕು. ಬಲ್ಬ್ ಡಿಮ್ ಮಾಡು, ಬಿಸಿಲಿಗೂ ಬಲ್ಬಿಗೂ ಬಣ್ಣ ಹೊಂದಲ್ಲ ಅನ್ನೋ ತಲೆನೋವು ಕಪ್ಪು-ಬಿಳುಪಲ್ಲಿ ಇಲ್ಲ. ಫ್ಲಿಕರ್, ಅಂದ್ರೆ ಕರೆಂಟಿನ ಬೆಳಕು ಮಿಣುಕೋ ತಲೆನೋವು ಮಾತ್ರ ಇದೆ. 24 ಫ್ರೇಮಿಗೆ ಶಟರ್ 1/50, ಕ್ಯಾಮೆರಾದಲ್ಲಿ ಡಿಗ್ರಿ ಕೇಳಿದ್ರೆ 172.8. ಅಗ್ಗದ ಎಲ್‌ಇಡಿ ಡಿಮ್ ಮಾಡಿದ್ರೆ ಇದಕ್ಕೂ ಬಗ್ಗಲ್ಲ, ಹಳೇ ಗಾಜಿನ ಬಲ್ಬೇ ತಾ.

ಸೀನ: ಹಿಂದೆ ಸ್ಟೀಲ್ ಪಾತ್ರೆ ಸ್ಟ್ಯಾಂಡ್ ಫಳಫಳ ಅಂತಿದೆ. ಒದ್ದೆ ಸೋಪು ಸವರಿ ಒಣಗಿಸು. ಅವನ ಬಿಳಿ ಬನಿಯನ್ ಟೀ ಡಿಕಾಕ್ಷನ್‌ನಲ್ಲಿ ಅದ್ದು. ಇಲ್ಲಾಂದ್ರೆ ಜನ ಮುಖ ಬಿಟ್ಟು ಬನಿಯನ್ ನೋಡ್ತಾರೆ.

ಶಶಿ: ಇಷ್ಟೆಲ್ಲ ಬೂದು ಅಳೀತಾ ಕೂತ್ರೆ ನಟನೆ ಯಾರು ನೋಡೋದು? ‘ಮಾಲ್ಕಮ್’ಗೂ ವಿಮರ್ಶಕರು ಬೈದಿದ್ದು ಮಾತು ಜಾಸ್ತಿ ಅಂತ. ಗ್ರೇ ಸರಿಯಿಲ್ಲ ಅಂತ ಯಾರೂ ಅನ್ನಲಿಲ್ಲ.

ಗೀತಾ: ಗ್ರೇ ಸರಿ ಇದ್ದಿದ್ದಕ್ಕೇ ಅನ್ನಲಿಲ್ಲ. ಮಾತು ಜಾಸ್ತಿ ಅನ್ನೋದನ್ನ ನಾನೂ ಒಪ್ತೀನಿ. ಮಾಲ್ಕಮ್ ಮ್ಯಾಕರೋನಿ ತಿಂತಾ ಬೈಯೋ ಸೀನಲ್ಲಿ ಮೇರಿ ಸುಮ್ಮನೆ ಕೇಳಿಸಿಕೊಳ್ಳೋ ಮುಖವೇ ಸಾಕಾಗಿತ್ತು. ನಿನ್ನ ಸ್ಕ್ರಿಪ್ಟಲ್ಲೂ ಎರಡನೇ ಪುಟ ಪೂರ್ತಿ ಗಂಡನ ಭಾಷಣ. ಅರ್ಧ ಕತ್ತರಿಸಿ ಅವಳ ಮೇಲೆ ಕ್ಯಾಮೆರಾ ಇಡು. ಇಬ್ಬರೂ ಒಟ್ಟಿಗೆ ಕಿರುಚೋ ಕಡೆ ಒಬ್ಬೊಬ್ಬರದೂ ಬೇರೆ ಬೇರೆ ಆಡಿಯೊ ತಗೋ, ಇಲ್ಲಾಂದ್ರೆ ಕಟ್ ಮಾಡೋಕೇ ಆಗಲ್ಲ.

ಶಶಿ: ಆಯ್ತು ಮಾರಾಯ್ತಿ. ಆದ್ರೆ ಗೋಡೆಗೆ ಬಣ್ಣ ಹೊಡೆಯೋಕೆ ಓನರ್ ಬಿಡಲ್ಲ.

ಗೀತಾ: ಸೀರೆ ಬದಲಿಸು. ತಿಳಿ ಹಳದಿ.

ಶಶಿ: ಕೆಂಪೇ ಬೇಕು ಅಂತಿದಾರೆ ನಟಿ.

ರಮೇಶ: ಕಾಣದ ಬಣ್ಣಕ್ಕೆ ಹಟ!

ಗೀತಾ: ಮಾನಿಟರ್ ಕಪ್ಪು-ಬಿಳುಪಿಗೆ ಇಟ್ಟು ತೋರಿಸು, ಅವರೇ ಬದಲಿಸ್ತಾರೆ. ಭಾನುವಾರ ಟೆಸ್ಟ್ ಇಟ್ಕೋ. ಎರಡು ಸೀರೆ, ಒಂದು ಬನಿಯನ್, ಅದೇ ಗೋಡೆ. ನಾಲ್ಕು ಥರದ ಕುಂಕುಮ ಸಾಲಾಗಿ ಒಂದೇ ಹಣೆ ಮೇಲೆ, ಒಂದೇ ಫ್ರೇಮಲ್ಲಿ.

ಶಶಿ: ಯಾರ ಹಣೆ?

ಗೀತಾ: ನಿಂದೇ.