ಹೊರನಾಡಲ್ಲಿರೋ ನಮ್ಮೋರನ್ನ ಬೆಸೆಯೋಕೆ ಪತ್ರಿಕೆನಾ, ಯೂಟ್ಯೂಬಾ, ವಾಟ್ಸಾಪಾ? ನಿಮ್ಮ ಅನುಭವ ಹೇಳಿ

ಕೇಳಿದವರು, ಮ್ಯೂನಿಕ್

ಎಲ್ರಿಗೂ ನಮಸ್ಕಾರ. ನಾವಿಲ್ಲಿ ಸುಮಾರು ಇನ್ನೂರು ಕನ್ನಡದ ಮನೆಯವ್ರು ಇದೀವಿ, ಹೆಚ್ಚಿನವ್ರು ಐಟಿ, ಈಗೀಗ ನರ್ಸಿಂಗ್ ಕೆಲಸಕ್ಕೆ ಬಂದ ಹುಡುಗೀರು, ಓದೋಕೆ ಬಂದ ಮಕ್ಕಳು. ಸಂಘದವ್ರು ನನಗೆ "ನೀನು ಚೆನ್ನಾಗಿ ಬರೀತೀಯ, ಏನಾದ್ರೂ ಶುರು ಮಾಡು" ಅಂದಿದಾರೆ. ಪಿಡಿಎಫ್ ಪತ್ರಿಕೆ ಮಾಡೋದಾ, ಯೂಟ್ಯೂಬ್ ಚಾನೆಲ್ಲಾ, ಪಾಡ್‌ಕಾಸ್ಟಾ ಗೊತ್ತಾಗ್ತಿಲ್ಲ. ಊರಿನ ಟಿವಿಯವ್ರು ನವೆಂಬರ್ ಬಂದ್ರೆ ರಾಜ್ಯೋತ್ಸವದ ವಿಡಿಯೋ ಕಳ್ಸಿ ಅಂತಾರೆ, ಕಳಿಸ್ತೀವಿ, ಮೂವತ್ತು ಸೆಕೆಂಡು ಸೀರೆ ಪಂಚೆ ಬಾವುಟ ತೋರಿಸ್ತಾರೆ, ಅಲ್ಲಿಗೆ ಮುಗೀತು. ಆದ್ರೆ ಹೋದ ಚಳಿಗಾಲದಲ್ಲಿ ನಮ್ಮಲ್ಲೇ ಒಬ್ಬ ಹುಡುಗ ಕೆಲಸ ಹೋಗಿ ಎರಡು ತಿಂಗಳು ಯಾರಿಗೂ ಹೇಳದೆ ರೂಮಲ್ಲೇ ಇದ್ದ, ನಮಗೆ ವಿಷ್ಯ ಗೊತ್ತಾಗಿದ್ದು ಅವನು ಊರಿಗೆ ವಾಪಸ್ ಹೋದ್ಮೇಲೆ. ಮುನ್ನೂರು ಜನರ ವಾಟ್ಸಾಪ್ ಗ್ರೂಪಲ್ಲಿ ಅವನೂ ಇದ್ದ. ಅದು ನನ್ನನ್ನ ತುಂಬಾ ಕಾಡ್ತಿದೆ. ಇಂಥ ಕೆಲಸ ಮಾಡಿದವ್ರು ದಯವಿಟ್ಟು ಹೇಳಿ, ಯಾವುದು ನಡೀತು, ಯಾವುದು ನಿಂತ್ಹೋಯ್ತು?

ಡೊಂಬಿವಲಿ, ಮುಂಬೈ

ತಮ್ಮಾ, ನಾನು ವಿದೇಶಕ್ಕೆ ಹೋದವ ಅಲ್ಲ, ಆದ್ರೆ ಊರು ಬಿಟ್ಟು ನಲವತ್ತೈದು ವರ್ಷದ ಮೇಲಾಯ್ತು, ಹಾಗಾಗಿ ಹೇಳ್ತೇನೆ. ಹದಿಮೂರು ವರ್ಷಕ್ಕೆ ಕುಂದಾಪುರದ ಕಡೆಯಿಂದ ಬಸ್ ಹತ್ತಿ ಬಂದವ, ಹಗಲು ಫೋರ್ಟ್‌ನ ಹೋಟೆಲಲ್ಲಿ ಗ್ಲಾಸು ತೊಳೆಯುವುದು, ಸಂಜೆ ಕನ್ನಡ ರಾತ್ರಿ ಶಾಲೆ. ಮುಂಬೈಯಲ್ಲಿ ಕನ್ನಡ ಪೇಪರು ಓದುವವರು ಯಾರು ಅಂತ ಕೇಳಿದ್ರೆ ಆ ರಾತ್ರಿ ಶಾಲೆಗಳನ್ನು ಮರೀಬಾರ್ದು, ನಮ್ಮಂಥ ಸಾವಿರಾರು ಹುಡುಗರಿಗೆ ಓದು ಅಂತ ಕೊಟ್ಟದ್ದೇ ಅವು. ಆಗ ನಮ್ಮ ಹೋಟೆಲಿಗೆ ಊರಿನ ಪೇಪರು ಬರುವಾಗ ಒಂದೆರಡು ದಿನ ಹಳತಾಗ್ತಿತ್ತು, ಆದ್ರೂ ಗಲ್ಲಾದಿಂದ ಅಡುಗೆ ಕೋಣೆವರೆಗೆ ಕೈಯಿಂದ ಕೈಗೆ ಹೋಗಿ ಎಣ್ಣೆ ಆಗಿ ಹರಿಯುವವರೆಗೆ ಓದ್ತಿದ್ದೆವು. ಮೊದಲು ನೋಡುವುದು ರಾಜಕೀಯ ಅಲ್ಲ, ಸಿನಿಮಾ ಅಲ್ಲ, ನಿಧನದ ಕಾಲಂ. ನಮ್ಮ ಶಾಲೆಯ ಮಾಸ್ಟ್ರು ತೀರಿಕೊಂಡದ್ದು ನನಗೆ ಹಾಗೇ ಗೊತ್ತಾದದ್ದು, ದೋಸೆಕಲ್ಲಿನ ಪಕ್ಕ ನಿಂತುಕೊಂಡು.

ಈಗ ಇಲ್ಲಿಂದಲೇ 'ಕರ್ನಾಟಕ ಮಲ್ಲ' ಬರ್ತದೆ, 'ಉದಯವಾಣಿ'ಗೆ ಮುಂಬೈ ಆವೃತ್ತಿ ಉಂಟು. ಹೊಸ ಮಕ್ಕಳು ಹೇಳ್ತಾರೆ, ಪೇಪರು ಪೂರಾ ಸಂಘದ ಸುದ್ದಿ, ಶಾಲು ಹಾಕಿಸಿಕೊಂಡವರ ಫೋಟೋ ಅಂತ. ನಾನು ಒಪ್ಪುವುದಿಲ್ಲ. ಒಂದು ಫೋಟೋದ ಕೆಳಗೆ ಎಡದಿಂದ ಬಲಕ್ಕೆ ಹನ್ನೆರಡು ಜನರ ಹೆಸರು ಇದ್ದರೆ ಹನ್ನೆರಡು ಮನೆಯಲ್ಲಿ ಆ ಪೇಪರನ್ನು ಕತ್ತರಿಸಿ ಇಡ್ತಾರೆ. ಹೆಸರು ತಪ್ಪದೆ ಹಾಕುವುದು ದೊಡ್ಡ ಕೆಲಸ, ನೀವೂ ಅದನ್ನು ಬಿಡಬೇಡಿ.

ಮುಖ್ಯ ವಿಷಯ ಇದು. ಮುಂಬೈಯಲ್ಲಿ ಸಂಘಗಳು ಮಾಸಪತ್ರಿಕೆ ಮಾಡಿಕೊಂಡು ಬಂದಿವೆ, 'ಮೊಗವೀರ' ಉಂಟು, ಮಾಟುಂಗದ ಮೈಸೂರು ಅಸೋಸಿಯೇಷನ್‌ನ 'ನೇಸರು' ಉಂಟು. ಅಂಥದ್ದೇ ಒಂದು ಸಣ್ಣ ಪತ್ರಿಕೆಯಲ್ಲಿ ನಾನು ಹನ್ನೊಂದು ವರ್ಷ ಭಾನುವಾರ ಭಾನುವಾರ ಕೂತು ಕೆಲಸ ಮಾಡಿದ್ದೇನೆ. ಬರೆಯುವುದಲ್ಲ, ಮಡಚುವುದು, ಕಾಗದದ ಪಟ್ಟಿ ಸುತ್ತುವುದು, ಗೋಂದು ಹಚ್ಚುವುದು, ವಿಳಾಸ ಅಂಟಿಸುವುದು. ತಿಂಗಳಿಗೆ ಹತ್ತು ಹದಿನೈದು ಪ್ರತಿ ಅಂಚೆಯಿಂದ ವಾಪಸ್ ಬರ್ತಿತ್ತು, ಮೇಲೆ ಪೋಸ್ಟ್‌ಮ್ಯಾನ್ ಗೀಚಿದ್ದು, ಈ ವಿಳಾಸದಲ್ಲಿಲ್ಲ ಅಂತ. ನಮ್ಮ ಕಾರ್ಯದರ್ಶಿ ಆ ವಾಪಸ್ ಬಂದದ್ದನ್ನು ರದ್ದಿಗೆ ಹಾಕ್ಲಿಕ್ಕೆ ಬಿಡ್ತಿರಲಿಲ್ಲ. ಒಂದೊಂದನ್ನೂ ಕೈಯಲ್ಲಿ ಹಿಡಿದು "ಇವರೆಲ್ಲಿ ಹೋದ್ರು, ಯಾರಾದ್ರೂ ಹೋಗಿ ನೋಡಿ ಬನ್ನಿ" ಅಂತ ನಮ್ಮನ್ನು ಅಟ್ಟುತ್ತಿದ್ರು. ಹಾಗೆ ನಾನು ಪರೇಲಿನ ಒಂದು ಚಾಳಿಗೆ, ಅಂದ್ರೆ ಸಾಲು ಖೋಲಿಗಳ ಕಟ್ಟಡಕ್ಕೆ ಹೋದೆ, ಆ ಮನೆಯ ಗಂಡನಿಗೆ ಮಿಲ್ಲು ಮುಚ್ಚಿ ಕೆಲಸ ಹೋಗಿತ್ತು, ಖೋಲಿ ಮಾರಿ ವಿರಾರಿಗೆ ಹೋಗಿದ್ದಾರೆ ಅಂತ ಪಕ್ಕದವರು ಹೇಳಿದ್ರು. ಹುಡುಕಿಕೊಂಡು ವಿರಾರಿಗೂ ಹೋದೆ. ಆ ಅಮ್ಮ ಬಾಗಿಲು ತೆಗೆದವರು ನನ್ನ ಕೈಯಲ್ಲಿದ್ದ ಪತ್ರಿಕೆ ನೋಡಿ ಅತ್ತರು, ನಾವು ಎಲ್ಲಿದ್ದೇವೆ ಅಂತ ಯಾರೂ ಕೇಳಿರಲಿಲ್ಲ ಮಗಾ ಅಂದ್ರು. ಮಗಳ ಶಾಲೆ ಫೀಸನ್ನು ಆಮೇಲೆ ಸಂಘ ಕಟ್ಟಿತು.

ನಿಮ್ಮ ವಾಟ್ಸಾಪಲ್ಲಿ ಈ ವಾಪಸ್ ಬರುವುದು ಇಲ್ಲ. ಮುನ್ನೂರು ಜನ ಇದ್ದಾರೆ ಅಂತ ತೋರಿಸ್ತದೆ, ಒಬ್ಬ ಮಾತು ನಿಲ್ಲಿಸಿದ್ರೆ ಅದು ಹೇಳುವುದಿಲ್ಲ. ನೀವು ಏನೇ ಶುರು ಮಾಡಿ, ಯಾರು ಸುಮ್ಮನಾದ್ರು ಅಂತ ಗೊತ್ತಾಗುವ ಹಾಗೆ ಮಾಡಿ.

ನ್ಯೂಜೆರ್ಸಿ

ಮೇಲಿನ ಹಿರಿಯರ ಮಾತಿಗೆ ಕೈ ಮುಗಿದೆ. ನಂದು ಸ್ವಲ್ಪ ಟೆಕ್ನಿಕಲ್ ಅನುಭವ, ಇದೂ ಕೆಲಸಕ್ಕೆ ಬರುತ್ತೆ. ನಾನು ಬಂದ ಹೊಸದರಲ್ಲಿ ಕಂಪ್ಯೂಟರ್‌ನಲ್ಲಿ ಕನ್ನಡ ನೋಡೋದೇ ಒಂದು ಹಬ್ಬ. 1996ರಲ್ಲಿ ಪವನಜ ಅವರ 'ವಿಶ್ವಕನ್ನಡ' ಅನ್ನೋ ಜಾಲತಾಣ ಇಂಟರ್‌ನೆಟ್ಟಲ್ಲಿ ಬಂತು, 1998ರಲ್ಲಿ 'ಬರಹ' ತಂತ್ರಾಂಶ ಬಂತು, ಅದನ್ನ ಮಾಡಿದ ಶೇಷಾದ್ರಿವಾಸು ಅವರೂ ಇಲ್ಲೇ ಅಮೆರಿಕದಲ್ಲಿದ್ದೋರು. ಊರಿಂದ ದೂರ ಇದ್ದೋರಿಗೇ ಕನ್ನಡ ಟೈಪ್ ಮಾಡ್ಬೇಕು ಅನ್ನೋ ಹಸಿವು ಜಾಸ್ತಿ ಇತ್ತೇನೋ ಅನ್ಸುತ್ತೆ ನಂಗೆ. ಆಗ ನಮ್ಮ ಕೂಟದ ಸಂಚಿಕೆಗಳನ್ನ ಹಳೇ ಫಾಂಟಲ್ಲಿ ಟೈಪ್ ಮಾಡಿದ್ವಿ, ಈಗ ಆ ಫೈಲ್ ತೆಗೆದ್ರೆ ಬರೀ ಗೀಚು, ಒಂದಕ್ಷರ ಓದೋಕಾಗಲ್ಲ, ಆಗ ಬರೆದ ಹಿರಿಯರಲ್ಲಿ ನಾಲ್ಕೈದು ಜನ ಈಗಿಲ್ಲ. ಅದಕ್ಕೇ ಹೇಳ್ತೀನಿ ಎಲ್ಲಾನೂ ಯಾವ ಕಂಪ್ಯೂಟರಲ್ಲೂ ಓದೋಕಾಗೋ ಯೂನಿಕೋಡಲ್ಲೇ ಇಡಿ, ಲೇಖನಾನ ಚಿತ್ರ ಮಾಡಿ ಹಾಕ್ಬೇಡಿ, ಹುಡುಕಿದ್ರೆ ಸಿಗಲ್ಲ. ಸಮ್ಮೇಳನದ ಸ್ಮರಣ ಸಂಚಿಕೆ ನಮ್ಮನೇಲಿ ಒಂದು ಡಬ್ಬ ಇದೆ, ದಪ್ಪ ನುಣುಪು ಕಾಗದ, ಅರ್ಧ ಜಾಹೀರಾತು ಮತ್ತೆ ಗಣ್ಯರ ಶುಭಾಶಯ. ಅದರಲ್ಲಿ ನಾನು ಮತ್ತೆ ಮತ್ತೆ ತೆಗೆದು ಓದೋದು ಒಂದೇ ಲೇಖನ, ಎಪ್ಪತ್ತರ ದಶಕದಲ್ಲಿ ಬಂದ ಒಬ್ಬಮ್ಮ ಇಲ್ಲಿ ಹುಣಸೆಹಣ್ಣು ಸಿಗದೆ ಏನೇನು ಹಾಕಿ ಸಾರು ಮಾಡ್ತಿದ್ರು ಅಂತ ಬರೆದಿದ್ದು.

ಶಾರ್ಜಾ

ಅಣ್ಣ, ಊರಿನ ಟಿವಿಯಲ್ಲಿ ನಮ್ಮನ್ನು ತೋರಿಸುವ ರೀತಿ ಬಗ್ಗೆ ನೀವು ಬರೆದದ್ದಕ್ಕೆ ನಾನು ಹೇಳ್ಬೇಕು. ನಾವು ಗಲ್ಫಿನವರು ಟಿವಿಗೆ ಬರುವುದು ಎರಡೇ ಸಲ, ಒಂದು ಯಾರಾದ್ರೂ ಸಿನಿಮಾದವ್ರು ಬಂದು ಸ್ಟೇಜ್ ಪ್ರೋಗ್ರಾಂ ಆದಾಗ, ಇನ್ನೊಂದು ಸತ್ತಾಗ.

2010ರ ಮೇ 22, ಶನಿವಾರ. ದುಬೈಯಿಂದ ಹೊರಟ ವಿಮಾನ ಮಂಗಳೂರಲ್ಲಿ ರನ್‌ವೇ ದಾಟಿ ಕೆಳಗೆ ಬಿತ್ತು, 158 ಜನ ಹೋದರು, ಎಂಟು ಜನ ಉಳಿದರು. ನಮ್ಮ ಬಿಲ್ಡಿಂಗಿಂದ ಒಬ್ಬರು ಅದರಲ್ಲಿದ್ದರು, ಹಿಂದಿನ ರಾತ್ರಿ ಅವರ ಪೆಟ್ಟಿಗೆಗೆ ಹಗ್ಗ ಬಿಗಿದು ಮೇಲೆ ಮಾರ್ಕರಲ್ಲಿ ಹೆಸರು ಬರೆದದ್ದು ನಾನೇ. ಬೆಳಿಗ್ಗೆ ಒಂದೇ ರೂಮಲ್ಲಿ ಇಪ್ಪತ್ತು ಜನ ಟಿವಿ ಮುಂದೆ. ಹೊಗೆ, ಹೊಗೆ, ಮತ್ತೆ ಅದೇ ಹೊಗೆ. ನಮಗೆ ಬೇಕಾದದ್ದು ಹೆಸರಿನ ಪಟ್ಟಿ. ಅದು ಕೊನೆಗೆ ಸಿಕ್ಕಿದ್ದು ಮಂಗಳೂರಿನ ವೆಬ್‌ಸೈಟುಗಳಲ್ಲಿ, ಪೇಜು ಅರ್ಧ ತೆರೆದು ನಿಲ್ತಿತ್ತು, ಮತ್ತೆ ಒತ್ತುವುದು. ಪಾಸ್‌ಪೋರ್ಟಿನ ಹೆಸರು ಬೇರೆ, ನಾವು ಕರೆಯುವ ಹೆಸರು ಬೇರೆ, ಯಾರ ತಂದೆ ಹೆಸರೇನು ಅಂತ ಒಬ್ಬರಿಗೊಬ್ಬರು ಕೇಳ್ಕೊಂಡು ನೋಡಿದ್ದು. ಅದೇ ಹೊತ್ತಲ್ಲಿ ಒಂದು ಚಾನೆಲಿನವರು ನಮ್ಮ ಬಿಲ್ಡಿಂಗಿನ ಆ ಒಬ್ಬರ ಊರಿನ ಮನೆ ಅಂಗಳಕ್ಕೆ ಹೋಗಿ ಮೈಕ್ ಹಿಡಿದಿದ್ರು, ಆ ತಾಯಿಗೆ ಇನ್ನೂ ಯಾರೂ ಹೇಳಿರಲಿಲ್ಲ. ಅದನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ.

2020ರಲ್ಲಿ ಕೊರೋನಾ ಬಂದಾಗಲೂ ಅದೇ. ಲಾಕ್‌ಡೌನ್ ಆದ ಮೇಲೆ ಮೇ 12ಕ್ಕೆ ದುಬೈಯಿಂದ ಮಂಗಳೂರಿಗೆ ಮೊದಲ ವಿಮಾನ ಹೋಯ್ತು, ಅದರಲ್ಲಿದ್ದವರು ಗರ್ಭಿಣಿಯರು, ಕಾಯಿಲೆಯವರು, ಕೆಲಸ ಹೋದವರು. ಟಿವಿಯಲ್ಲಿ ಅವರು ಮನುಷ್ಯರಾಗಿ ಕಾಣಲೇ ಇಲ್ಲ, ಸೋಂಕು ತಂದವರು ಅಂತಲೇ ಕಂಡದ್ದು.

ಇನ್ನು ಹತ್ತಿರ ಮಾಡಿದ್ದು ಯಾವುದು ಕೇಳಿದ್ರೆ, ನನ್ನ ಅಪ್ಪ ಮಸ್ಕತ್ತಲ್ಲಿದ್ದಾಗ ನಾವು ಕ್ಯಾಸೆಟಲ್ಲಿ ಮಾತಾಡಿ ಕಳಿಸ್ತಿದ್ದೆವು. ಹೊಸ ಕ್ಯಾಸೆಟಿಗೆ ದುಡ್ಡಿಲ್ಲ, ಯಕ್ಷಗಾನದ ಹಳೇ ಕ್ಯಾಸೆಟಿನ ಮೇಲೆಯೇ ರೆಕಾರ್ಡ್. ಅಮ್ಮ ಮಾತಾಡ್ತಾರೆ, ಸೊಸೈಟಿ ಸಾಲದ ಕಂತು, ದನ ಕರು ಹಾಕಿದ್ದು, ಹಿಂದಿಂದ ಹೆಂಚಿನ ಮೇಲೆ ಮಳೆ ಬೀಳುವ ಸದ್ದು, ಅಮ್ಮನ ಮಾತು ಮುಗಿದ ಕೂಡಲೇ ಕೆಳಗಿದ್ದ ಭಾಗವತರ ಪದ ಚೆಂಡೆ ಸಮೇತ ಏಳ್ತದೆ. ಅಪ್ಪ ಆ ಚೆಂಡೆಯನ್ನೂ ಪೂರ್ತಿ ಕೇಳ್ತಿದ್ರಂತೆ, ರೂಮಿನವರೆಲ್ಲ ಸುತ್ತ ಕೂತು. ಅದಕ್ಕೆ ನಾನು ಹೇಳುವುದು, ಆಡಿಯೋ ಮಾಡುವುದಾದ್ರೆ ಸದ್ದು ಕ್ಲೀನ್ ಮಾಡ್ಲಿಕ್ಕೆ ಹೋಗ್ಬೇಡಿ. ಹಿಂದೆ ಕುಕ್ಕರ್ ಕೂಗಲಿ. ಮತ್ತೆ ಆ ನರ್ಸ್ ತಂಗಿಯಂದಿರನ್ನು ಕೇಳಿ, ಅವರ ಬಗ್ಗೆ ನೀವೇ ಬರೀಬೇಡಿ, ಫೋನ್ ಅವರ ಕೈಗೆ ಕೊಡಿ.

ಹ್ಯೂಸ್ಟನ್

ನಾನು ಧಾರವಾಡದಾಕಿ, ಇಲ್ಲೆ ಬಂದು ಹದಿನೆಂಟು ವರ್ಷ ಆತು, ಶನಿವಾರ ಹುಡುಗರಿಗೆ ಕನ್ನಡ ಕಲಿಸ್ತೇನಿ. ಪಿಡಿಎಫ್ ಪತ್ರಿಕಾ ನಾವೂ ಮಾಡಿದ್ವಿ, ಮೂರು ಸಂಚಿಕಾ ಆದಮ್ಯಾಲೆ ನಿಂತ್ಹೋತು, ಯಾಕಂದ್ರ ಬರಿಯೋರು ನಾಕ ಮಂದಿ, ಓದೋರೂ ಅವರ ನಾಕ ಮಂದಿ. ಹುಡುಗರಿಗೆ ಓದಾಕ ಬರೂದಿಲ್ಲ ಅಂತ ನಾವು ಅವರ್ನ ಹೊರಗ ಇಟ್ಟಿದ್ವಿ. ಆಮ್ಯಾಲೆ ಒಂದು ಮಾಡಿದ್ವಿ, ಪ್ರತಿ ಹುಡುಗ ತನ್ನ ಅಜ್ಜಿಗೋ ಅಜ್ಜಗೋ ಫೋನ್ ಹಚ್ಚಿ ಒಂದ ಪ್ರಶ್ನೆ ಕೇಳಬೇಕು, ಐದು ನಿಮಿಷ ರೆಕಾರ್ಡ್. ನನ್ನ ಮಗಳು ನಮ್ಮವ್ವಗ ಕೇಳಿದ್ಲು, ನೀನು ಸಾಲಿ ಯಾಕ ಬಿಟ್ಟಿ ಅಂತ. ನಲವತ್ತೆರಡು ವರ್ಷ ನಾನು ಕೇಳಿರಲಿಲ್ಲ ಆ ಮಾತು. ನಮ್ಮವ್ವ ಸ್ವಲ್ಪ ಹೊತ್ತು ಸುಮ್ಮನಿದ್ಲು, ಆಮ್ಯಾಲೆ ತಮ್ಮನ್ನ ಎತ್ಕೊಂಡು ಸಾಲಿ ಕಿಟಕ್ಯಾಗ ನಿಂತು ಪಾಠ ಕೇಳ್ತಿದ್ದೆ ಅಂತ ಹೇಳಿದ್ಲು. ಮಗಳ ಕನ್ನಡ ಅಷ್ಟಕ್ಕಷ್ಟ, ಆದ್ರ ಆ ರೆಕಾರ್ಡಿಂಗ್ ಮೂರು ಸಲ ಕೇಳಿ ಒಂದೊಂದ ಶಬ್ದದ ಅರ್ಥ ನನ್ನ ಕೇಳ್ಯಾಳ. ಹೆಸರಿಗೆ ಪಾಡ್‌ಕಾಸ್ಟ್ ಅನ್ರಿ, ಏನರ ಅನ್ರಿ, ಇದು ಮಾತ್ರ ನಿಂತಿಲ್ಲ.

ಸಿಡ್ನಿ

ಒಂದೇ ವಿಷಯ ಸೇರಿಸ್ತೀನಿ. ಇಲ್ಲಿ ಸರ್ಕಾರದ ಹಣದಲ್ಲಿ ನಡೆಯೋ ಎಸ್‌ಬಿಎಸ್ ರೇಡಿಯೋ ಅನೇಕ ಭಾಷೆಗಳಲ್ಲಿ ಕಾರ್ಯಕ್ರಮ ಕೊಡುತ್ತೆ, ಕನ್ನಡದಲ್ಲೂ ನಾವು ಕೇಳಿದೀವಿ. ಯಾವ ಭಾಷೆ ಇಡ್ಬೇಕು ಅಂತ ನೋಡುವಾಗ ಅವ್ರು ಜನಗಣತಿಯ ಲೆಕ್ಕ ಇಟ್ಕೊತಾರೆ. ಮನೇಲಿ ಏನ್ ಮಾತಾಡ್ತೀರಿ ಅನ್ನೋ ಕಾಲಮ್ಮಲ್ಲಿ ನಮ್ಮೋರು ಅಭ್ಯಾಸಬಲದಿಂದ ಇಂಗ್ಲಿಷ್ ಅಂತ ಬರೆದುಬಿಡ್ತಾರೆ, ಅಲ್ಲಿಗೆ ನಾವು ಲೆಕ್ಕಕ್ಕಿಲ್ಲ. ನಿಮ್ಮಲ್ಲೂ ಭಾಷೆ ಕೇಳೋ ಯಾವ ಫಾರ್ಮ್ ಇದ್ರೂ ಕನ್ನಡ ಅಂತ ಬರೀರಿ ಅಂತ ಎಲ್ರಿಗೂ ಹೇಳಿ.

ಫ್ರಾಂಕ್‌ಫರ್ಟ್

ಜರ್ಮನಿಯಲ್ಲೇ ಇರೋದ್ರಿಂದ ಇದು ಹೇಳ್ಲೇಬೇಕು. ಫೋನ್ ನಂಬರ್ ಪಟ್ಟಿ ಮಾಡೋ ಮುಂಚೆ ಪ್ರತಿಯೊಬ್ಬರ ಒಪ್ಪಿಗೆ ಬರವಣಿಗೆಯಲ್ಲಿ ತಗೊಳ್ಳಿ, 2018ರಿಂದ ಯುರೋಪಿನ ಡೇಟಾ ಕಾನೂನು ಬಿಗಿ ಇದೆ. ಸಂಘದ ವೆಬ್‌ಸೈಟ್ ಮಾಡಿದ್ರೆ ಇಂಪ್ರೆಸ್ಸುಮ್ ಪುಟ ಬೇಕೇ ಬೇಕು, ಜವಾಬ್ದಾರರು ಯಾರು, ವಿಳಾಸ ಏನು ಅಂತ. ಮಕ್ಕಳ ಫೋಟೋ ಹಾಕೋಕೆ ತಂದೆ ತಾಯಿ ಇಬ್ಬರನ್ನೂ ಕೇಳಿ.

ಕೇಳಿದವರು, ಮ್ಯೂನಿಕ್

ಎಲ್ರಿಗೂ ಏನ್ ಹೇಳ್ಬೇಕೋ ತಿಳೀತಿಲ್ಲ. ಡೊಂಬಿವಲಿ ಅಣ್ಣನ ವಾಪಸ್ ಬಂದ ಪತ್ರಿಕೆ ಕಥೆ ಓದಿ ನಿನ್ನೆ ರಾತ್ರಿ ನಮ್ಮ ಗ್ರೂಪಿನ ಹೆಸರುಗಳನ್ನ ಒಂದೊಂದಾಗಿ ನೋಡ್ತಾ ಕೂತಿದ್ದೆ. ಒಂದು ಐಡಿಯಾ ಬಂತು, ಸರಿ ಇದ್ಯಾ ಹೇಳಿ. ಹದಿನೈದು ದಿನಕ್ಕೊಂದು ಹತ್ತು ನಿಮಿಷದ ಆಡಿಯೋ, ಒಬ್ಬೊಬ್ರು ಒಂದು ಸಲ. ಅದನ್ನ ಗ್ರೂಪಿಗೆ ಹಾಕೋ ಬದ್ಲು, ಒಪ್ಪಿದವ್ರಿಗೆ ನಾವು ಆರು ಜನ ಹಂಚ್ಕೊಂಡು ಒಬ್ಬೊಬ್ರಿಗೇ ಕಳಿಸೋದು, ಒಬ್ರ ಪಾಲಿಗೆ ಮೂವತ್ತು ನಲವತ್ತು ಹೆಸರು. ಎರಡು ಸಲ ಕೇಳದೆ ಬಿಟ್ಟಿದ್ರೆ ಫೋನ್ ಮಾಡೋದು.

ಡೊಂಬಿವಲಿ, ಮುಂಬೈ

ಸರಿ ಉಂಟು ತಮ್ಮಾ. ಎರಡು ಸಲಕ್ಕೆ ಕಾಯಬೇಡಿ, ಒಂದೇ ಸಲ ಸಾಕು. ಫೋನ್ ಮಾಡಿದಾಗ ಆಡಿಯೋ ಯಾಕೆ ಕೇಳ್ಲಿಲ್ಲ ಅಂತ ಕೇಳ್ಬೇಡಿ, ಅವರಿಗೆ ನಾಚಿಕೆ ಆಗ್ತದೆ. ಊಟ ಆಯ್ತಾ ಅಂತ ಕೇಳಿ, ಅವರು ಮಾತಾಡುವವರೆಗೆ ಫೋನ್ ಇಡಬೇಡಿ. ಮತ್ತೆ ಊರಿಗೆ ಹೋದ ಆ ಹುಡುಗನ ನಂಬರು ನಿಮ್ಮ ಹತ್ರ ಇದ್ರೆ ಮೊದಲ ಫೋನ್ ಅವನಿಗೆ ಮಾಡಿ.

ಕೇಳಿದವರು, ಮ್ಯೂನಿಕ್

ಇದೆ ಅಣ್ಣ. ಅಲ್ಲಿ ಈಗ ರಾತ್ರಿ ಹನ್ನೊಂದೂವರೆ ಆಗಿರುತ್ತೆ. ಬೆಳಿಗ್ಗೆ ಮಾಡ್ತೀನಿ.