ನೆಲಮಾಳಿಗೆಯಲ್ಲಿ ಮುಗ್ಗಲು ವಾಸನೆ: ಕಿಟಕಿ ತೆರೆದಿಟ್ಟರೂ ತೇವ ಹೆಚ್ಚುತ್ತಿರುವುದೇಕೆ?

ಪ್ರಶ್ನೆ
ನಮಸ್ಕಾರ. ನಾವು ನ್ಯೂಜೆರ್ಸಿಯಲ್ಲಿ ಹಳೆಯ ಮನೆಯೊಂದನ್ನು ಕೊಂಡು ಎರಡು ವರ್ಷವಾಯಿತು. ಊರಿನಿಂದ ಅತ್ತೆ, ಮಾವ ಬಂದಾಗ ಉಳಿದುಕೊಳ್ಳಲೆಂದು ನೆಲಮಾಳಿಗೆಯಲ್ಲಿ ಕಾರ್ಪೆಟ್ ಹಾಸಿ ಕೋಣೆಯೊಂದನ್ನು ಮಾಡಿಸಿದೆವು. ಜೂನ್ ಬಂದೊಡನೆ ಅಲ್ಲಿ ಮುಗ್ಗಲು ವಾಸನೆ ಹಿಡಿಯುತ್ತದೆ. ಈ ವರ್ಷ ಗೋಡೆಯ ಬುಡದಲ್ಲಿ ಕಪ್ಪು ಬೂಷ್ಟೂ ಕಾಣಿಸಿಕೊಂಡಿದ್ದು, ಅಲ್ಲೇ ಆಡುವ ಆರು ವರ್ಷದ ಮಗಳಿಗೆ ರಾತ್ರಿಯ ಕೆಮ್ಮು ಬಿಡುತ್ತಿಲ್ಲ. ತೀರ್ಥಹಳ್ಳಿಯ ನಮ್ಮ ಮನೆಯಲ್ಲಿ ಮಳೆ ಹೊಳವಾದಾಗಲೆಲ್ಲ ಕಿಟಕಿ, ಬಾಗಿಲು ತೆರೆದು ಗಾಳಿಯಾಡಿಸುವುದು ರೂಢಿಯಾದ್ದರಿಂದ ಇಲ್ಲಿಯೂ ಹಗಲೆಲ್ಲ ಕಿಟಕಿ ತೆರೆದಿಡುತ್ತಿದ್ದೇನೆ. ಆದರೂ ತೇವ ಏರುತ್ತಲೇ ಇದೆ. ಎಲ್ಲಿ ತಪ್ಪುತ್ತಿದ್ದೇನೆ?

ಉತ್ತರ 1
ಮೊದಲು ಮಗುವನ್ನು ವೈದ್ಯರಿಗೆ ತೋರಿಸಿ, ಮನೆಯಲ್ಲಿ ಬೂಷ್ಟು ಇರುವ ವಿಷಯವನ್ನೂ ಅವರಿಗೆ ತಿಳಿಸಿ. ತೇವವೂ ಬೂಷ್ಟೂ ಇರುವ ಮನೆಗಳಲ್ಲಿ ಕೆಮ್ಮು ಮತ್ತು ಉಬ್ಬಸದ ತೊಂದರೆ ಹೆಚ್ಚೆಂದು ವಿಶ್ವ ಆರೋಗ್ಯ ಸಂಸ್ಥೆ 2009ರ ತನ್ನ ಮಾರ್ಗಸೂಚಿಯಲ್ಲೇ ಹೇಳಿದೆ. ಕೋಣೆ ಒಣಗುವವರೆಗೆ ಅವಳು ಮೇಲಿನ ಅಂತಸ್ತಿನಲ್ಲೇ ಆಡಲಿ.

ಇನ್ನು ಕಿಟಕಿಯ ವಿಷಯ. ಊರಿನ ಮನೆಯ ಗೋಡೆ ಹೊರಗಿನ ಗಾಳಿಯಷ್ಟೇ ಬೆಚ್ಚಗಿರುತ್ತದೆ, ನೆಲಮಾಳಿಗೆಯ ಗೋಡೆಯೋ ಮಣ್ಣಿಗೆ ತಾಗಿಕೊಂಡು ಬೇಸಿಗೆಯಲ್ಲೂ ತಣ್ಣಗಿರುತ್ತದೆ. ಹೊರಗೆ 29 ಡಿಗ್ರಿ ಸೆಲ್ಸಿಯಸ್ ಉಷ್ಣತೆಯೂ ಶೇ. 70ರಷ್ಟು ಆರ್ದ್ರತೆಯೂ ಇರುವ ದಿನ, ಸುಮಾರು 23 ಡಿಗ್ರಿಗಿಂತ ತಣ್ಣಗಿರುವ ಯಾವ ವಸ್ತುವಿಗೆ ತಗುಲಿದರೂ ಆ ಗಾಳಿಯಲ್ಲಿರುವ ನೀರು ಹನಿಗಟ್ಟುತ್ತದೆ. ನಿಮ್ಮ ಗೋಡೆ 18 ಡಿಗ್ರಿಯಿದ್ದರೆ, ತೆರೆದ ಕಿಟಕಿಯ ಮೂಲಕ ನೀವು ಒಳಗೆ ಕರೆಯುತ್ತಿರುವುದು ನೀರನ್ನೇ. ಬೇಸಿಗೆಯಲ್ಲಿ ಕಿಟಕಿ ಮುಚ್ಚಿ, ಗಾಳಿಯ ತೇವ ಹೀರುವ ಯಂತ್ರವಾದ ಡಿಹ್ಯುಮಿಡಿಫೈಯರ್ ಓಡಿಸಿ, ಅದರ ನೀರು ಕೊಳವೆಯ ಮೂಲಕ ತಾನಾಗಿ ಮೋರಿಗೆ ಹೋಗುವಂತೆ ಮಾಡಿ. ಆರ್ದ್ರತೆ ಅಳೆಯುವ ಹೈಗ್ರೋಮೀಟರ್ ಒಂದನ್ನು ತೂಗುಹಾಕಿ ನೋಡುತ್ತಿರಿ: ಆರ್ದ್ರತೆ ಶೇ. 60 ದಾಟಬಾರದು, 30ರಿಂದ 50ರೊಳಗಿದ್ದರೆ ಉತ್ತಮ.

ಆದರೆ ನೀರು ಗಾಳಿಯಿಂದ ಬರುತ್ತಿದೆಯೋ ಮಣ್ಣಿನಿಂದಲೋ ಎಂಬುದು ಖಚಿತವಾಗಬೇಕು. ಅಲ್ಯೂಮಿನಿಯಂ ಹಾಳೆಯ ತುಂಡೊಂದನ್ನು ನಾಲ್ಕೂ ಅಂಚಿಗೆ ಟೇಪ್ ಹಚ್ಚಿ ಗೋಡೆಗೆ ಅಂಟಿಸಿ, ಎರಡು ದಿನ ಬಿಟ್ಟು ನೋಡಿ. ಹೊರಮೈ ಒದ್ದೆಯಾದರೆ ಗಾಳಿಯ ತೇವ, ಒಳಮೈ ಒದ್ದೆಯಾದರೆ ಗೋಡೆಯ ಒಸರು.

ಪ್ರಶ್ನೆ ಕೇಳಿದವರು
ಹಾಳೆಯ ಎರಡೂ ಮೈ ಒದ್ದೆಯಾಗಿದೆ. ಗೋಡೆಯ ಮೇಲೆ ಬಿಳಿ ಉಪ್ಪಿನಂಥ ಪುಡಿಯೂ ಇದೆ. ಒಳಗಿನಿಂದ ವಾಟರ್‌ಪ್ರೂಫ್ ಬಣ್ಣ ಬಳಿಸಿದರೆ ಸಾಕೇ?

ಉತ್ತರ 2
ಸಾಲದು. ಆ ಪುಡಿ, ಗೋಡೆಯೊಳಗಿಂದ ಹಾದುಬಂದ ನೀರು ಆರಿದ ಮೇಲೆ ಉಳಿದ ಲವಣ. ಹೊರಗಿನ ನೀರನ್ನು ತಡೆಯದೆ ಒಳಗೆ ಬಳಿದ ಬಣ್ಣ ಕಾಲಕ್ರಮೇಣ ಹಪ್ಪಳದಂತೆ ಎದ್ದುಬರುತ್ತದೆ. ಜೋರು ಮಳೆ ಬರುವಾಗ ಕೊಡೆ ಹಿಡಿದು ಮನೆಯನ್ನೊಮ್ಮೆ ಸುತ್ತಿ ಬನ್ನಿ. ಸೂರಿನ ನೀರಿನ ಕೊಳವೆ ಗೋಡೆಯ ಬುಡಕ್ಕೇ ಸುರಿಯುತ್ತಿದ್ದರೆ ಅದನ್ನು ಕೆಲವು ಅಡಿ ಆಚೆಗೆ ಒಯ್ಯಿರಿ. ಗೋಡೆಯಿಂದ 10 ಅಡಿಯೊಳಗೆ ನೆಲ 6 ಅಂಗುಲ ಇಳಿಜಾರಾಗುವಂತೆ ಮಣ್ಣು ತುಂಬಿಸಿ. ದುಬಾರಿ ಕೆಲಸಕ್ಕೆ ಕೈಹಾಕುವ ಮೊದಲು ಇಷ್ಟನ್ನು ಮಾಡಿಯೇ ನೋಡಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ. ಕಾರ್ಪೆಟ್ಟನ್ನು ಮಾತ್ರ ತೆಗೆದುಹಾಕಿ, ಬೂಷ್ಟು ಒಳಗೆ ಇಳಿದ ಮೇಲೆ ಅದು ಶುದ್ಧವಾಗುವುದಿಲ್ಲ.

ಕಿಟಕಿ ಮುಚ್ಚಿದ ಮೇಲೆ ಇನ್ನೂ ಎರಡು ಎಚ್ಚರಿಕೆಗಳಿವೆ. ಮಣ್ಣಿನಿಂದ ಬರುವ ರೇಡಾನ್ ಅನಿಲಕ್ಕೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ, ಅದು ಶ್ವಾಸಕೋಶದ ಕ್ಯಾನ್ಸರಿಗೆ ಕಾರಣವಾಗುತ್ತದೆ; ಪರೀಕ್ಷಾ ಕಿಟ್ ತಂದು ಅಳೆಯಿರಿ, ಲೀಟರಿಗೆ 4 ಪಿಕೋಕ್ಯೂರಿ (ವಿಕಿರಣಶೀಲತೆಯ ಅಳತೆ) ಅಥವಾ ಅದಕ್ಕಿಂತ ಹೆಚ್ಚು ಬಂದರೆ ಸರಿಪಡಿಸಲೇಬೇಕು. ಎರಡನೆಯದಾಗಿ, ಗಾಳಿ ಹೊರದಬ್ಬುವ ಫ್ಯಾನ್ ಕೂರಿಸುವ ಯೋಚನೆಯಿದ್ದರೆ, ಅಲ್ಲೇ ಮನೆ ಬೆಚ್ಚಗಿಡುವ ಗ್ಯಾಸಿನ ಫರ್ನೇಸ್ ಅಥವಾ ನೀರು ಕಾಯಿಸುವ ಹಂಡೆ ಇದೆಯೇ ನೋಡಿಕೊಳ್ಳಿ. ಫ್ಯಾನಿನ ಸೆಳೆತಕ್ಕೆ ಚಿಮಣಿಯ ಹೊಗೆ, ಅದರೊಡನೆ ಕಾರ್ಬನ್ ಮೊನಾಕ್ಸೈಡ್ ಎಂಬ ವಿಷಾನಿಲ, ಕೋಣೆಗೇ ಮರಳಬಹುದು. ತಜ್ಞರಿಂದ ಇದನ್ನು ಪರೀಕ್ಷಿಸಿ, ಕಾರ್ಬನ್ ಮೊನಾಕ್ಸೈಡ್ ಅಲಾರಂ ಹಾಕಿಸಿದ ಮೇಲೆಯೇ ಹಿರಿಯರನ್ನು ಅಲ್ಲಿ ಮಲಗಿಸಿ.